ಬೆಳ್ಳಿಚುಕ್ಕಿಯ ಅಕ್ಷರಗಳು

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಜರೀನಾಳ ಪುಟ್ಟ ಅಂಗಡಿ. ಫ್ಲೆಕ್ಸು, ಲಗ್ನಪತ್ರಿಕೆ, ಅಂಗಿಯ ಮೇಲಿನ ಹೆಸರು ಎಲ್ಲವನ್ನೂ ಅವಳೇ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತಾಳೆ. ದೀಪಾವಳಿ ಹತ್ತಿರ ಬಂತೆಂದರೆ ಊಟಕ್ಕೂ ಬಿಡುವಿರುವುದಿಲ್ಲ. ಸುತ್ತಲಿನ ಊರುಗಳಲ್ಲಿ ಹೋರಿ ಓಡಿಸುವ ಸ್ಪರ್ಧೆಗಳು ಶುರುವಾಗುತ್ತವೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ ಜನರ ನಡುವೆ ಬಿಡುತ್ತಾರೆ. ಸರ ಯಾರ ಕೈಗೂ ಸಿಗದಂತೆ ದಾಟಿದರೆ ಗೆಲುವು. ಒಂದೊಂದು ಹೋರಿಗೂ ಒಂದು ಅಭಿಮಾನಿ ಬಳಗ, ಬಳಗಕ್ಕೆಲ್ಲ ಒಂದೇ ಬಣ್ಣದ ಅಂಗಿ. ಬೆನ್ನ ಮೇಲೆ ಹೋರಿಯ ಹೆಸರು ದಪ್ಪಗೆ, ಮುಂದಕ್ಕೆ ವಾಲಿಕೊಂಡು ಇರಲೇಬೇಕು.

ಹೋದ ವರ್ಷ ಮೋಟೆಬೆನ್ನೂರಿನಿಂದ ಕಾಶೀಬಾಯಿ ಬಂದರು. ಅರವತ್ತು ದಾಟಿದ ಹೆಂಗಸು. ತಾಯಿ ಸತ್ತ ಕರುವೊಂದನ್ನು ಬಾಟಲಿ ಹಾಲು ಕುಡಿಸಿ ಸಾಕಿದ್ದರು. ಅದೀಗ ಹೋರಿಯಾಗಿ ನಿಂತಿತ್ತು.

“ಬೆಳ್ಳಿಚುಕ್ಕಿ ಅಂತ ಬರೀಬೇಕವಾ. ಹಣಿ ಮ್ಯಾಲೆ ಬಿಳೀ ಮಚ್ಚಿ ಐತಿ. ಮೊದಲನೇ ಸಲ ಓಡಾಕತ್ತಾನ.”

ಜರೀನಾ ಹೆಸರು ಟೈಪ್ ಮಾಡಿ, ಇದ್ದುದರಲ್ಲೇ ದಪ್ಪನೆಯ ಅಕ್ಷರ ಆರಿಸಿ, ಎಳೆದು ವಾಲಿಸಿ ತೋರಿಸಿದಳು. ಕಾಶೀಬಾಯಿ ಚಷ್ಮಾ ಏರಿಸಿಕೊಂಡು ಬೆರಳಿಟ್ಟು ಓದಿದರು. “ಬೆ... ಳಿ... ಚು... ಕಿ. ಇದ್ಯಾರ ಹೋರಿ ಯವ್ವಾ? ನಮ್ದಲ್ಲ.”

“ನಿಮ್ದಽ ರೀ ಅಮ್ಮಾರ. ಕೆಳಗ ಒತ್ತು ಅದಾವ ನೋಡ್ರಿ.”

“ಅದಾವು ಖರೇ. ಆದ್ರ ಬ್ಯಾರೇದವರ ಮನ್ಯಾಗ ಅದಾವು.”

ನಿಜವೇ. ವಾಲಿಸಿದಾಗ ಅಕ್ಷರದ ಮೇಲಿನ ಭಾಗ ಮುಂದೆ ಹೋಗಿ, ಒತ್ತುಗಳು ಹಿಂದೆ ಸರಿದು, ಹಿಂದಿನ ಅಕ್ಷರದ ಕೆಳಗೆ ಹೋಗಿ ಕೂತಿದ್ದವು. ಆರು ವರ್ಷಗಳಿಂದ ಹೀಗೆಯೇ ಮಾಡಿಕೊಟ್ಟಿದ್ದಳು, ಯಾರೂ ಕೇಳಿರಲಿಲ್ಲ.

“ಎಲ್ಲಾರೂ ಹಿಂಗಽ ಮಾಡಿಸ್ತಾರ್ರಿ,” ಎಂದಳು ಸ್ವಲ್ಪ ಸಿಡುಕಿನಿಂದ.

“ಮಾಡಿಸ್ಲಿ. ಮೂರನೇ ಇಯತ್ತೆ ಕಲತ ನನಗ ಓದಾಕ ಬರಬೇಕು. ಮತ್ತ ಈ ಅಕ್ಷರ ಓಡಾಕತ್ತಿಲ್ಲ ಯವ್ವಾ, ಬೀಳಾಕತ್ತಾವು. ಒಂದ್ಸಲ ಬಂದು ನಮ್ಮ ಹೋರಿ ಓಡೂದು ನೋಡು.”

ಆ ಮಾತು ಜರೀನಾಳಿಗೆ ನಾಟಿತು. ರವಿವಾರ ಬೆಳಿಗ್ಗೆ ಸ್ಕೂಟರ್ ಹತ್ತಿ ಮೋಟೆಬೆನ್ನೂರಿಗೆ ಹೋದಳು. ಕೊಟ್ಟಿಗೆಯಲ್ಲಿ ಬೆಳ್ಳಿಚುಕ್ಕಿ ಅವಳ ಓಡಣಿಯ ತುದಿಯನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿತು. ಕಾಶೀಬಾಯಿ ಬಿಸಿ ರೊಟ್ಟಿ, ಕೆಂಪಿಂಡಿ ಚಟ್ನಿ ತಿನ್ನಿಸದೆ ಬಿಡಲಿಲ್ಲ. ಆಮೇಲೆ ಅವರ ಅಣ್ಣನ ಮಗ ವಿಕ್ರಮ ಹೋರಿಯನ್ನು ಗೋವಿನಜೋಳ ಕಟಾವಾದ ಹೊಲಕ್ಕೆ ಹೊಡೆದುಕೊಂಡು ಹೋದ. ಇನ್ನೊಂದು ತುದಿಯಲ್ಲಿ ನಿಂತು ಕಾಶೀಬಾಯಿ, “ಚುಕ್ಕೀ, ಬಾರೋ!” ಎಂದು ಕೂಗಿದ್ದೇ ತಡ, ಅದು ಕಿತ್ತುಕೊಂಡು ಓಡಿತು.

ಮೊಬೈಲಿನಲ್ಲಿ ಹಿಡಿದ ಆ ಓಟವನ್ನು ಜರೀನಾ ನಿಧಾನ ಮಾಡಿ ಹತ್ತಾರು ಸಲ ನೋಡಿದಳು. ಮೈ ಮುಂದಕ್ಕೆ ಚಾಚಿದ್ದರೂ ಕಾಲುಗಳು ಹಿಂದೆ ಉಳಿದಿರಲಿಲ್ಲ. ಹೊಟ್ಟೆಯ ಕೆಳಗೇ ಬಂದು ನೆಲ ಒದೆಯುತ್ತಿದ್ದವು. ಅವಳು ಕಂಪ್ಯೂಟರ್ ಬಿಟ್ಟು ಕಾಗದ ಹಿಡಿದಳು. ತಲಕಟ್ಟನ್ನು ಗಾಳಿಗೆ ಮಲಗಿದ ಕಿವಿಯ ಹಾಗೆ ಹಿಂದಕ್ಕೆ ಎಳೆದಳು. ಒತ್ತುಗಳನ್ನು ಬೇರೆಯಾಗಿ ಬರೆದು, ಮುಂದೆ ತಂದು, ಅವುಗಳದೇ ಅಕ್ಷರದ ಅಡಿಯಲ್ಲಿ ಗಟ್ಟಿಯಾಗಿ ಕೂರಿಸಿದಳು. ಎರಡು ದಿನ ‘ಳ್ಳಿ’ ಒಂದೇ ಅವಳನ್ನು ಕಾಡಿತು.

ನಾಲ್ಕನೇ ದಿನ ಕಾಶೀಬಾಯಿ ಬಂದು ಬೆರಳಿಡದೆ ಒಂದೇ ಉಸಿರಿಗೆ ಓದಿದರು. “ಬೆಳ್ಳಿಚುಕ್ಕಿ!” ಚಷ್ಮಾ ತೆಗೆದು ಸೆರಗಿನಿಂದ ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. “ಬಂದ ನೋಡು ನಮ್ಮಾಂವ.”

ಸ್ಪರ್ಧೆಯ ದಿನ ನಲವತ್ತು ಹಳದಿ ಅಂಗಿಗಳ ಮೇಲೆ ಆ ಹೆಸರು ಮಿಂಚಿತು. ಬೆಳ್ಳಿಚುಕ್ಕಿ ಎಲ್ಲರನ್ನೂ ತಪ್ಪಿಸಿಕೊಂಡು ಅರ್ಧ ದಾರಿ ದಾಟಿತು. ಬೇಲಿಯ ಬಳಿ ಜರೀನಾಳ ಕೈ ಹಿಡಿದು ನಿಂತಿದ್ದ ಕಾಶೀಬಾಯಿ ಉಮೇದಿಗೆ, “ಚುಕ್ಕೀ, ಬಾರೋ!” ಎಂದುಬಿಟ್ಟರು. ಹೋರಿ ಗಕ್ಕನೆ ತಿರುಗಿ ಸೀದಾ ಅವರ ಹತ್ತಿರ ಬಂದು ಕತ್ತು ಚಾಚಿ ನಿಂತಿತು. ಯಾರೋ ನಿಂತಲ್ಲೇ ಕೊಬ್ಬರಿ ಸರ ಬಿಚ್ಚಿಕೊಂಡು ಹೋದರು.

“ಯಾಕ ಕರದ್ರಿ ಅತ್ತೀ?” ವಿಕ್ರಮನಿಗೆ ಅಳುವೇ ಬಂದಿತ್ತು.

“ಬಾಯಾಗ ಬಂದ್ಬಿಡ್ತೋ ಎಪ್ಪಾ,” ಎಂದು ಕಾಶೀಬಾಯಿ ಹೋರಿಯ ಗಂಗೆದೊಗಲು ನೇವರಿಸುತ್ತ ನಕ್ಕರು. ಜರೀನಾ ನಕ್ಕು ನಕ್ಕು ನೆಲಕ್ಕೆ ಕೂತಳು. ಕೊನೆಗೆ ವಿಕ್ರಮನೂ ನಕ್ಕ.

ಹೋರಿ ಸೋತರೂ ಅಂಗಿಯ ಫೋಟೋಗಳು ಊರೂರು ಸುತ್ತಿದವು. ರಾಣೆಬೆನ್ನೂರಿನಿಂದ ಪದ್ಮಜಾ ಎಂಬ ಖೋಖೋ ಶಿಕ್ಷಕಿ ಫೋನ್ ಮಾಡಿ, ತಮ್ಮ ಹುಡುಗಿಯರ ಅಂಗಿಗೂ ಅದೇ ಅಕ್ಷರ ಬೇಕೆಂದರು. ಜರೀನಾ ಹ್ಞೂಂ ಅನ್ನುವ ಮೊದಲು ಮೋಟೆಬೆನ್ನೂರಿಗೆ ಫೋನ್ ಹಚ್ಚಿದಳು. “ಅವು ನಿಮ್ಮ ಬೆಳ್ಳಿಚುಕ್ಕಿ ಅಕ್ಷರ ರೀ ಅಮ್ಮಾರ. ಕೊಡ್ಲೇನ್ರಿ?”

“ಅಕ್ಷರಕ್ಕ ಮೂಗುದಾರ ಹಾಕಾಕ ಬರ್ತದೇನವಾ? ಕೊಡು. ಹುಡಿಗ್ಯಾರೂ ಓಡ್ಲಿ.”

ಉಳಿದ ಅಕ್ಷರಗಳನ್ನೆಲ್ಲ ಬರೆಯಲು ಎರಡು ತಿಂಗಳು ಹಿಡಿಯಿತು. ಹಾವೇರಿಯಲ್ಲಿ ಪಂದ್ಯವಿದ್ದಾಗ ಜರೀನಾ ಕಾಶೀಬಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದಳು. ಸಾಲಾಗಿ ಕುಕ್ಕರಗಾಲಲ್ಲಿ ಕೂತ ಹುಡುಗಿಯರ ಬೆನ್ನು ನೋಡುತ್ತ ಕಾಶೀಬಾಯಿ, “ಸುಶ್ಮಿತಾ... ಜುಬೇದಾ...” ಎಂದು ದೊಡ್ಡ ದನಿಯಲ್ಲಿ ಓದತೊಡಗಿದರು. ಅಷ್ಟರಲ್ಲಿ ಖೋ ಬಿತ್ತು. ಮೂರನೆಯವಳು ಎದ್ದು ಓಡಿಯೇ ಓಡಿದಳು.

“ಏ ಯವ್ವಾ, ನಿನ್ನ ಹೆಸರಾದ್ರೂ ಓದೂತನಕ ನಿಂದ್ರ!” ಎಂದು ಕಾಶೀಬಾಯಿ ಕೂಗಿದರು. ಅವಳು ನಿಲ್ಲಲಿಲ್ಲ.