ನೆಚ್ಚಿನ ವಿಭಾಗ

ನನಗೆ ಸಾಕಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಯಾರ ಮೇಲಾದರೂ ರೇಗಿದರೆ ತಪ್ಪು ಅವರದೇ ಆಗಿರಬೇಕೆಂದಿಲ್ಲ. ಇಪ್ಪತ್ತಾರು ವರ್ಷದಿಂದ ಅದೇ ಮೇಜು, ಅದೇ ಕುರ್ಚಿ, ಎರಡು ಕೋಣೆಯ ಅದೇ ಲೈಬ್ರರಿ. ಮುಂದಿನ ಕೋಣೆಯಲ್ಲಿ ದಿನಪತ್ರಿಕೆಗಳು, ಅವನ್ನು ಮುಖದ ಮೇಲೆ ಹರಡಿಕೊಂಡು ನಿದ್ದೆ ಹೊಡೆಯುವವರು. ಹಿಂದಿನ ಕೋಣೆಯಲ್ಲಿ ಪುಸ್ತಕಗಳು ಮತ್ತು ನಾನು.

ಈಗಿನ ಟ್ಯಾಬು ಬರುವ ಮುಂಚೆ ನಮ್ಮಲ್ಲಿ ಒಂದು ದಪ್ಪ ರಿಜಿಸ್ಟರ್ ಇತ್ತು. ಅದರಲ್ಲಿ ಮೂರೇ ಕಾಲಂ: ತಾರೀಖು, ಕಾರ್ಡಿನ ನಂಬರು, ಪುಸ್ತಕದ ನಂಬರು. ಯಾರ ಹೆಸರೂ ಇಲ್ಲ, ಯಾವ ಪುಸ್ತಕದ ಹೆಸರೂ ಇಲ್ಲ. ಇನ್ನೂರ ಹನ್ನೆರಡನೇ ಕಾರ್ಡಿನವರು ನಾಲ್ಕು ಸಾವಿರದ ಎಂಬತ್ತೇಳನೇ ಪುಸ್ತಕ ಒಯ್ದರು, ಅಷ್ಟೆ. ಆ ಪುಸ್ತಕ ಯಾವುದೆಂದು ತಿಳಿಯಬೇಕಾದರೆ ಬೀರುವಿನ ಬೀಗ ತೆಗೆದು ಇನ್ನೊಂದು ರಿಜಿಸ್ಟರ್ ಎಳೆಯಬೇಕು, ಧೂಳು ಕೊಡವಬೇಕು, ನಾಲ್ಕು ಸಲ ಸೀನಬೇಕು. ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಆ ಉಸಾಬರಿಗೆ ಹೋಗಲಿಲ್ಲ. ಓದುಗರ ಗುಟ್ಟು ಕಾಪಾಡಿ ಎಂದು ಯಾರೂ ನಿಯಮ ಮಾಡಿರಲಿಲ್ಲ. ನಮ್ಮ ಸೋಮಾರಿತನವೇ ಅವರ ಮಾನ ಕಾಯುತ್ತಿತ್ತು.

ನನಗೂ ಗುಟ್ಟುಗಳಿವೆ. ಐವತ್ನಾಲ್ಕು ವಯಸ್ಸಿನ ನಾನು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಮಕ್ಕಳ ಕಪಾಟಿನಿಂದ ಒಂದು ಕಾಮಿಕ್ಸ್ ತಂದುಕೊಂಡು ರಿಜಿಸ್ಟರಿನ ಮರೆಯಲ್ಲಿ ಓದುತ್ತೇನೆ. ಅದರಲ್ಲಿ ನನಗೆ ಇಷ್ಟವಾಗುವುದು ಹೊಡೆದಾಟವಲ್ಲ. ಬಾಯಲ್ಲಿ ಆಡಿದ ಮಾತಿಗೆ ಒಂದು ಗುಳ್ಳೆ, ಮನಸ್ಸಿನೊಳಗಿನ ಮಾತಿಗೆ ಮೋಡದಂಥ ಬೇರೆ ಗುಳ್ಳೆ. ಪಕ್ಕದಲ್ಲೇ ನಿಂತವನಿಗೆ ಆ ಮೋಡ ಕಾಣುವುದಿಲ್ಲ. ಎಷ್ಟು ಸಭ್ಯವಾದ ಏರ್ಪಾಡು ಅನಿಸುತ್ತದೆ. ಮೊಬೈಲಿನಲ್ಲಿ ಹಾಡು ಕೇಳುವುದನ್ನಂತೂ ಬಿಟ್ಟಿದ್ದೇನೆ. ಒಂದು ವರ್ಷದ ಕೊನೆಗೆ ಅದು, ಈ ಒಂದೇ ಹಾಡನ್ನು ನೀವು ಇನ್ನೂರ ಹದಿನಾಲ್ಕು ಸಲ ಕೇಳಿದ್ದೀರಿ, ಅಭಿನಂದನೆಗಳು ಎಂದಿತು. ನಮ್ಮಮ್ಮ ತೀರಿಕೊಂಡ ವರ್ಷ ಅದು. ಯಾಕೆ ಕೇಳಿದೆ ಎನ್ನುವುದೊಂದನ್ನು ಬಿಟ್ಟು ಉಳಿದೆಲ್ಲ ಅದಕ್ಕೆ ಗೊತ್ತಿತ್ತು. ಈಗ ವೈರಿಗೆ ಟೇಪು ಸುತ್ತಿದ ಹಳೆಯ ಪ್ಲೇಯರ್ ಒಂದಿದೆ. ಹಾಡು ಅಂದರೆ ಹಾಡುತ್ತದೆ, ಆಮೇಲೆ ಬಾಯಿ ಮುಚ್ಚಿಕೊಂಡು ಇರುತ್ತದೆ.

ಇನ್ನೂರ ಹನ್ನೆರಡನೇ ಕಾರ್ಡು ಡ್ರೈವರಣ್ಣನದು. ಅಂದರೆ ಅವರ ಮನೆಯದು. ನಮ್ಮಲ್ಲಿ ಮೊದಲಿನಿಂದಲೂ ಮನೆಗೊಂದೇ ಕಾರ್ಡು. ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಎಂಟು ವರ್ಷ, ಈಗ ಮಗ ಸೊಸೆ ಮೊಮ್ಮಗಳ ಜೊತೆ ಇದ್ದಾರೆ. ಹತ್ತು ಹನ್ನೆರಡು ದಿನಕ್ಕೊಮ್ಮೆ ಬಂದು ಎರಡು ಪುಸ್ತಕ ಒಯ್ಯುತ್ತಿದ್ದರು. ಮೇಲೊಂದು ಯುದ್ಧದ ಚರಿತ್ರೆಯೋ ಸಕ್ಕರೆ ಕಾಯಿಲೆಯ ಪಥ್ಯವೋ, ದಪ್ಪನೆಯದು, ಮನೆಯವರಿಗೆ ತೋರಿಸಲಿಕ್ಕೆ. ಅದು ಹೋದ ಹಾಗೇ ವಾಪಸು ಬರುತ್ತಿತ್ತು. ಕೆಳಗೊಂದು ಪ್ರೇಮಕಥೆ. ಆ ಪ್ರೇಮಕಥೆಗಳ ಮುಖಪುಟ ಒಂದಕ್ಕಿಂತ ಒಂದು ಕೇಡು, ಬರೀ ತುಟಿ, ಬರೀ ಬೆನ್ನು. ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆಯುವ ಹಾಗಿರಲಿಲ್ಲ. ಅದಕ್ಕೇ ನಾನು ಅವಕ್ಕೆಲ್ಲ ಖಾಕಿ ಕಾಗದದ ಹೊದಿಕೆ ಹಾಕಿಟ್ಟಿದ್ದೆ. ಡ್ರೈವರಣ್ಣ ಮೇಜಿನ ಮುಂದೆ ನಿಂತು, "ಖಾಕಿ ಹೊಸದು ಬಂದಿದೆಯಾ ಮೇಡಮ್?" ಎನ್ನುತ್ತಿದ್ದರು. ಬಂದಿದೆ, ಓದಿ ಹೇಳಿ ಎನ್ನುತ್ತಿದ್ದೆ. ನಮ್ಮ ನಡುವೆ ಇದ್ದದ್ದು ಇಷ್ಟೇ ಮಾತು.

ಹೋದ ವರ್ಷ ಕೇಂದ್ರ ಕಚೇರಿಯಿಂದ ಟ್ಯಾಬು ಬಂತು. ಹೇಳಿಕೊಡಲು ಬಂದ ಹೆಂಗಸು ಎರಡು ಗಂಟೆ ಪಟಪಟ ಮಾತಾಡಿ, ಬಹಳ ಸುಲಭ, ಆಟ ಆಡಿದ ಹಾಗೆ ಎಂದು ಹೇಳಿ ಹೋದಳು. ಆ ಆಟ ಆಡಿ ನನ್ನ ಕಣ್ಣು ಕೆಂಪಾಯಿತು. ಎಲ್ಲ ಪುಸ್ತಕಗಳ ಹೆಸರು ಹಾಕಬೇಕು, ವಿಭಾಗ ಹಾಕಬೇಕು, ಕಳೆದ ಒಂದು ವರ್ಷ ಯಾರು ಏನು ಒಯ್ದರು ಎಂದು ಹಾಕಬೇಕು, ಪ್ರತಿ ಕಾರ್ಡಿಗೂ ಒಂದು ಮೊಬೈಲ್ ನಂಬರು ಹಾಕಬೇಕು. ಕಾರ್ಡು ಮನೆಗೊಂದು, ಆದ್ದರಿಂದ ನಂಬರೂ ಮನೆಗೊಂದು. ಮನೆಯಲ್ಲಿ ಯಾರು ಫೋನು ಎತ್ತುತ್ತಾರೋ ಅವರದು. ಡ್ರೈವರಣ್ಣನನ್ನು ಕೇಳಿದಾಗ, ಮಗನದೇ ಬರೆದುಕೊಳ್ಳಿ, ನನ್ನದು ದಿಂಬಿನ ಕೆಳಗೆ ಎಲ್ಲೋ ಬಿದ್ದಿರುತ್ತೆ ಎಂದರು. ಬರೆದುಕೊಂಡೆ.

ವಿಭಾಗದ ಪಟ್ಟಿಯಲ್ಲಿ ‘ಕಾದಂಬರಿ’ ಎಂದು ಇತ್ತು. ಖಾಕಿ ಪುಸ್ತಕಗಳನ್ನೆಲ್ಲ ಅದರೊಳಗೆ ತುರುಕಿ ಕೈ ತೊಳೆದುಕೊಳ್ಳಬಹುದಿತ್ತು. ಬೇರೆ ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಆದರೆ ನನಗೆ ಒಂದು ಚಟವಿದೆ, ಪುಸ್ತಕ ತನ್ನ ಜಾಗದಲ್ಲಿ ಇಲ್ಲದಿದ್ದರೆ ಊಟ ಸೇರುವುದಿಲ್ಲ. ಪಟ್ಟಿಯನ್ನು ಕೆಳಗಿನ ತನಕ ಎಳೆದು ನೋಡಿದೆ. ಪ್ರೇಮಕಥೆ ಎಂಬ ವಿಭಾಗವೇ ಇರಲಿಲ್ಲ. ಕೊನೆಯಲ್ಲಿ ‘ಶೃಂಗಾರ’ ಎಂದಿತ್ತು. ಸರಿಯಾಗಿಯೇ ಇದೆ ಎಂದುಕೊಂಡು, ಒಂದೊಂದಾಗಿ, ಒಂದೂ ತಪ್ಪದ ಹಾಗೆ, ಅದನ್ನೇ ಒತ್ತುತ್ತಾ ಹೋದೆ. ಮುಗಿಸಿದ ದಿನ ಕೆಲಸ ಅಚ್ಚುಕಟ್ಟಾಯಿತು ಎಂದು ಖುಷಿಯಲ್ಲಿ ಮನೆಗೆ ಹೋದೆ. ಆ ಖುಷಿ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ.

ಮೂರು ತಿಂಗಳ ಹಿಂದೆ ಡ್ರೈವರಣ್ಣನ ಮಗ ಬಂದ. ವಿಮೆ ಕಚೇರಿಯಲ್ಲಿ ಕೆಲಸ, ಯಾವಾಗಲೂ ನಗುಮುಖ, ಕೆಟ್ಟವನಲ್ಲ. ಅಪ್ಪನ ಎರಡು ಪುಸ್ತಕ ಮೇಜಿನ ಮೇಲಿಟ್ಟು, ಮೇಡಮ್, ನಮ್ಮಪ್ಪ ಇಷ್ಟು ದಿನ ನಮಗೆಲ್ಲ ಟೋಪಿ ಹಾಕಿದ್ದಾರೆ ಎಂದು ನಗುತ್ತಾ ಮೊಬೈಲು ತೋರಿಸಿದ. ನಮ್ಮ ಲೈಬ್ರರಿಯ ಮೆಸೇಜು. ಮಾನ್ಯ ಓದುಗರೇ, ಈ ವರ್ಷ ನೀವು ಓದಿದ ಪುಸ್ತಕಗಳು ಅರವತ್ತಮೂರು, ನಿಮ್ಮ ನೆಚ್ಚಿನ ವಿಭಾಗ ಶೃಂಗಾರ. ಕೆಳಗೆ ಪುಸ್ತಕಗಳ ಹೆಸರು ಸಾಲಾಗಿ ಇದ್ದವು, ಮೊದಲನೆಯದೇ ‘ಮುತ್ತಿಗೊಂದು ರಸೀದಿ’.

ಮಗ ಅದನ್ನು ಮನೆಮಂದಿಯ ಗ್ರೂಪಿಗೆ ಹಾಕಿದ್ದ. ತಮಾಷೆಗೆ ಮೇಡಮ್, ಎಂದ. ಅದೇ ವಾರ ಮೊಮ್ಮಗಳ ಹುಟ್ಟುಹಬ್ಬ. ನೆಂಟರೆಲ್ಲ ಸೇರಿದ್ದರು. ರಸಿಕರು ಬಂದರು, ಜಾಗ ಬಿಡಿ ಎಂದು ಯಾರೋ ಅಂದರಂತೆ. ಇನ್ಯಾರೋ ಪುಸ್ತಕದ ಹೆಸರುಗಳನ್ನು ರಾಗವಾಗಿ ಓದಿದರಂತೆ. ಕೊನೆಗೆ ಆ ಏಳು ವರ್ಷದ ಮಗು, ತಾತ, ಶೃಂಗಾರ ಅಂದರೇನು ಎಂದು ಕೇಳಿಬಿಟ್ಟಿತಂತೆ. ಎಲ್ಲರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕರು ಎಂದು ಅವನು ಹೇಳುವಾಗಲೂ ನಗುತ್ತಿದ್ದ. ಅಪ್ಪ ನಕ್ಕರಾ ಎಂದು ಕೇಳಿದೆ. ಅಪ್ಪ ಕೇಕು ತಿನ್ನದೆ ಎದ್ದು ಹೋದರು, ಸಕ್ಕರೆ ಕಾಯಿಲೆ ಅಲ್ಲವಾ ಎಂದ.

ಮಾರನೇ ವಾರ ಡ್ರೈವರಣ್ಣನೇ ಬಂದರು, ಬರಿಗೈಯಲ್ಲಿ. ಇಸ್ತ್ರಿ ಮಾಡಿದ ಅಂಗಿ, ನೀಟಾಗಿ ಬಾಚಿದ ತಲೆ, ಯಾವುದೋ ಕಚೇರಿಗೆ ಅರ್ಜಿ ಕೊಡಲು ಹೊರಟವರ ಹಾಗಿದ್ದರು. ಖಾಕಿ ಕೇಳಲಿಲ್ಲ.

"ಮೇಡಮ್, ನಾನು ಓದಿದ್ದನ್ನೆಲ್ಲ ಅದರಿಂದ ತೆಗೆದುಹಾಕಿ," ಎಂದರು ಟ್ಯಾಬಿನ ಕಡೆ ನೋಡುತ್ತಾ.

ನಾನು ಅವರ ಮಾನ ಉಳಿಸಲು ಏನಾದರೂ ದಾರಿ ಹುಡುಕುತ್ತಿದ್ದೆ. ತೀರಿಹೋದ ನಿಮ್ಮ ಮನೆಯವರು ಇಂಥವನ್ನು ಓದುತ್ತಿದ್ದರು, ಅವರ ನೆನಪಿಗೆ ಓದುತ್ತೇನೆ ಎಂದು ಹೇಳಿಬಿಡಿ, ಯಾರೂ ಪಿಟ್ಟೆನ್ನುವುದಿಲ್ಲ ಎಂದೆ. ಹೇಳುವಾಗಲೇ ಅದು ಸಿನಿಮಾದ ಮಾತಿನ ಹಾಗೆ ಕೇಳಿಸಿತು.

"ಅವಳಿಗೆ ಓದು ಬರ್ತಿರಲಿಲ್ಲ. ನನಗೇ ಇಷ್ಟ," ಎಂದರು. ಮತ್ತೆ ಹೇಳಿದರು: "ಬಸ್ಸಲ್ಲಿ ನನ್ನ ಹಿಂದಿನ ಸೀಟಲ್ಲಿ ಕೂತು ಏನೇನೋ ಮಾತಾಡ್ಕೊಳ್ಳೋರು. ಜಗಳ ಆಡೋರು, ಒಬ್ಬಳು ಅಳೋಳು. ಮುಂದೇನಾಯ್ತು ಅನ್ನೋಷ್ಟರಲ್ಲಿ ಅವರ ಸ್ಟಾಪು ಬಂದು ಇಳಿದುಬಿಡೋರು. ಮೂವತ್ತೆಂಟು ವರ್ಷ ಬರೀ ಅರ್ಧರ್ಧ ಕೇಳಿದೀನಿ. ಪುಸ್ತಕದಲ್ಲಿ ಕೊನೆ ತನಕ ಇರ್ತಾರೆ."

ನಾನು ಟ್ಯಾಬು ತೆಗೆದೆ. ಕಾರ್ಡು ರದ್ದು ಮಾಡಲು ಒಂದು ಗುಂಡಿ ಇತ್ತು. ಆದರೆ ರದ್ದು ಮಾಡಿದರೂ ಓದಿದ್ದರ ಪಟ್ಟಿ ಹಾಗೇ ಉಳಿಯುತ್ತದೆ. ಕೇಂದ್ರ ಕಚೇರಿಗೆ ಫೋನು ಮಾಡಿದೆ. ಅಳಿಸಲು ಬರುವುದಿಲ್ಲ ಮೇಡಮ್, ಅದು ಸಂಸ್ಥೆಯ ದಾಖಲೆ ಎಂದರು. ತಪ್ಪಾಗಿ ಒಬ್ಬರ ಕಾರ್ಡಿಗೆ ಹತ್ತಿದ್ದರೆ ಇನ್ನೊಬ್ಬರ ಕಾರ್ಡಿಗೆ ವರ್ಗಾಯಿಸಬಹುದು, ಅದಕ್ಕೆ ಅವಕಾಶವಿದೆ ಎಂದರು. ಡ್ರೈವರಣ್ಣನಿಗೆ, ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಎಂದೆ. ಅವರು ನನ್ನನ್ನು ನಂಬಿದಂತೆ ಕಾಣಲಿಲ್ಲ. ನಂಬಲು ನಾನೇನು ಕಾರಣ ಕೊಟ್ಟಿದ್ದೆ?

ರಜಾ ದಿನ ಬೆಳಿಗ್ಗೆ ಹೋಗಿ, ಬಾಗಿಲು ಅರ್ಧ ಮುಚ್ಚಿಕೊಂಡು ಕೂತೆ. ಅರವತ್ತಮೂರು ಪುಸ್ತಕ, ಒಂದೊಂದಕ್ಕೂ ಕಾರಣ ಬರೆಯಬೇಕು. ‘ಸಿಬ್ಬಂದಿಯ ತಪ್ಪು’ ಎಂದು ಅರವತ್ತಮೂರು ಸಲ ಬರೆದೆ. ಬೇರೆ ಯಾರ ತಲೆಗೆ ಕಟ್ಟುವುದು? ಎಲ್ಲವನ್ನೂ ನನ್ನ ಕಾರ್ಡಿಗೇ ಹಾಕಿಕೊಂಡೆ. ಮುಗಿಯುವಷ್ಟರಲ್ಲಿ ಬೆರಳು ಮರಗಟ್ಟಿತ್ತು. ಮನಸ್ಸು ಮಾತ್ರ ಎಷ್ಟೋ ದಿನದ ಮೇಲೆ ಹಗುರವಾಗಿತ್ತು.

ಮನೆಗೆ ಬಂದರೆ ನನ್ನ ಗಂಡ ಸೋಫಾದ ತುದಿಯಲ್ಲಿ, ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದರು. ನನ್ನ ಕಾರ್ಡೂ ಮನೆಗೊಂದರ ಲೆಕ್ಕದ್ದೇ, ನಂಬರು ಅವರದು. ಪುಸ್ತಕ ಒಯ್ದಾಗ ಬಾರದ ಮೆಸೇಜು ವರ್ಗಾಯಿಸಿದಾಗ ಬರುತ್ತದೆಂದು ನನಗೆ ಗೊತ್ತಿರಲಿಲ್ಲ; ಪುಸ್ತಕದ ಹೆಸರು, ವಿಭಾಗದ ಸಮೇತ ಅರವತ್ತಮೂರು ಒಂದರ ಹಿಂದೊಂದು ಬಂದಿದ್ದವು. ಅವರು ಏನೂ ಕೇಳಲಿಲ್ಲ. ಕುಡಿದ ಲೋಟವನ್ನು ಎತ್ತಿ ಆಚೆ ಇಡದ ಮನುಷ್ಯ, ಮಾರನೇ ದಿನ ನನ್ನ ಲೋಟವನ್ನೂ ತೊಳೆದಿಟ್ಟರು. ವಾರದ ಕೊನೆಗೆ, ಎಲ್ಲಾದರೂ ಹೋಗಿ ಬರೋಣವಾ ಎಂದು ಗೋಡೆಯನ್ನು ನೋಡುತ್ತಾ ಕೇಳಿದರು. ನನಗೆ ನಗು ಬಂತು, ಅದರ ಹಿಂದೆಯೇ ಪಾಪ ಅನಿಸಿತು. ನಿಜ ಹೇಳಬೇಕೆಂದರೆ ಡ್ರೈವರಣ್ಣನ ಗುಟ್ಟು ಹೇಳಬೇಕು. ಹೇಳಲಿಲ್ಲ. ಹತ್ತು ದಿನದ ನಂತರ ಲೋಟ ಮೊದಲಿನ ಹಾಗೆ ಸೋಫಾದ ಪಕ್ಕಕ್ಕೆ ಬಂತು.

ಕೇಂದ್ರ ಕಚೇರಿಯಿಂದ ಒಂದು ನೋಟಿಸೂ ಬಂತು: ಇಷ್ಟು ತಪ್ಪು ಹೇಗಾಯಿತು, ವಿವರಣೆ ನೀಡುವುದು. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ ಎಂದು ಬರೆದುಕೊಟ್ಟೆ. ಹೊಸ ಕನ್ನಡಕ ಮಾಡಿಸಿಕೊಳ್ಳಿ ಎಂದು ಉತ್ತರ ಬಂತು.

ಡ್ರೈವರಣ್ಣ ಬರುತ್ತಾರೆ ಎಂದು ಕಾದೆ. ಹೊಸ ಖಾಕಿ ನಾಲ್ಕು ಬಂದವು, ಹೊದಿಕೆ ಹಾಕಿ ಮೇಜಿನ ಖಾನೆಯಲ್ಲಿಟ್ಟೆ. ಬರಲಿಲ್ಲ. ಮನೆಗೆ ಹೋಗಿ ಕರೆದರೆ ಮತ್ತೆ ಮನೆಯವರ ಬಾಯಿಗೆ ಬೀಳುತ್ತಾರೆ ಎಂದು ಸುಮ್ಮನಿದ್ದೆ. ನಿನ್ನೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಕೈಯಲ್ಲಿ ಮಾತ್ರೆಯ ಚೀಲ. ಮೈ ಸ್ವಲ್ಪ ಇಳಿದುಹೋಗಿತ್ತು.

ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ನಿಮ್ಮ ಕಾರ್ಡಿನಲ್ಲಿ ಈಗ ಒಂದೂ ಇಲ್ಲ, ಯಾರಿಗೂ ಮೆಸೇಜು ಹೋಗುವುದಿಲ್ಲ, ಬೇಕಾದರೆ ಇನ್ನು ಮುಂದೆ ನಿಮ್ಮ ಪುಸ್ತಕವನ್ನು ನನ್ನ ಕಾರ್ಡಿಗೇ ಬರೆದುಕೊಳ್ಳುತ್ತೇನೆ, ಬನ್ನಿ ಎಂದೆ. ಅವರು ಗಮನವಿಟ್ಟು ಕೇಳಿದರು. ನಿಮಗೆ ತುಂಬಾ ತೊಂದರೆ ಆಯಿತು ಎಂದರು.

"ಫೋನಿಂದ ಹೋಯ್ತು ಮೇಡಮ್. ಅವರ ತಲೆಯಿಂದ ಹೋಗಬೇಕಲ್ಲ," ಎಂದರು ಆಮೇಲೆ. "ನಾನು ಏನು ಕೈಗೆತ್ತಿಕೊಂಡರೂ ಸೊಸೆ ಒಂದು ಸಲ ನೋಡ್ತಾಳೆ. ನಗೋದಿಲ್ಲ ಪಾಪ, ನೋಡ್ತಾಳೆ ಅಷ್ಟೆ."

ಹಾಗಾದರೆ ಈಗ ಏನು ಓದುತ್ತೀರಿ ಎಂದು ಕೇಳಿದೆ.

"ಪೇಪರು. ಹಾಲಲ್ಲೇ ಕೂತ್ಕೋತೀನಿ, ಎಲ್ಲರಿಗೂ ಕಾಣೋ ಹಾಗೆ."

ಪೇಪರಿನಲ್ಲಿ ಅಂಥದ್ದೇನಿರುತ್ತದೆ ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಗೊತ್ತಿಲ್ಲ ಮೇಡಮ್. ನಾನು ಓದೋದಿಲ್ಲ. ಸ್ವಲ್ಪ ಹೊತ್ತಿಗೊಂದು ಸಲ ಹಾಳೆ ತಿರುಗಿಸ್ತೀನಿ," ಎಂದರು.

ಅವರ ಬಸ್ಸು ಬಂತು. ಹತ್ತಿ, ಮುಂದೆ ಜಾಗವಿದ್ದರೂ, ಬೆನ್ನ ಹಿಂದೆ ಯಾರೂ ಕೂರಲಾಗದ ಕೊನೆಯ ಸಾಲಿಗೆ ಹೋಗಿ ಕಿಟಕಿಯ ಪಕ್ಕ ಒಬ್ಬರೇ ಕೂತರು. ನಾನು ಬಸ್ಸು ಹೋದ ಮೇಲೂ ಸ್ಟಾಪಿನಲ್ಲೇ ನಿಂತಿದ್ದು, ಲೈಬ್ರರಿಗೆ ಅರ್ಧ ಗಂಟೆ ತಡವಾಗಿ ಹೋದೆ.