ಕೃಷ್ಣಮ್ಮನ ಎಡಗಣ್ಣು

ಅತೀಯಾಳ ಬಳಿ ಒಳ್ಳೆಯ ಕ್ಯಾಮೆರಾ ಇರಲಿಲ್ಲ. ಚಿಕ್ಕಬಾಣಾವರದಲ್ಲಿ ಅವಳ ತಂದೆ ಮುಜಫ್ಫರ್ ಅವರದು ಗುಜರಿ ಅಂಗಡಿ. ಅಲ್ಲಿಗೆ ಬಂದಿದ್ದ ಕೆಟ್ಟ ಡಿವಿಡಿ ಪ್ಲೇಯರ್ ಬಿಚ್ಚಿ, ಒಳಗಿನ ತೊಗರಿ ಕಾಳಿನಷ್ಟು ಲೆನ್ಸನ್ನು ಹೇರ್‌ಪಿನ್ನಿಗೆ ಸಿಕ್ಕಿಸಿ, ಮೊಬೈಲಿನ ಕ್ಯಾಮೆರಾ ಮೇಲೆ ಟೇಪಿನಿಂದ ಅಂಟಿಸಿಕೊಂಡಿದ್ದಳು. ಟಾರ್ಚಿನ ಬೆಳಕು ಕುಕ್ಕದಿರಲೆಂದು ಅದಕ್ಕೆ ಹಾಲಿನ ಕವರು ಕಟ್ಟಿದ್ದಳು. ಇರುವೆಯ ಮೀಸೆ, ನೊಣದ ರೆಕ್ಕೆಯ ನರ ಎಲ್ಲವೂ ಅದರಲ್ಲಿ ಕಾಣುತ್ತಿದ್ದವು.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಕೃಷ್ಣಮ್ಮನ ಕೊಟ್ಟಿಗೆಗೆ ನೊಣ ಹುಡುಕಿಕೊಂಡು ಹೋದಳು. ಹಾಲು ಕರೆದು ಮುಗಿಸಿದ ಕೃಷ್ಣಮ್ಮ ಸೆರಗಿನಿಂದ ಎಡಗಣ್ಣು ಉಜ್ಜುತ್ತ ಕೂತಿದ್ದರು.

"ಇನ್ನೂ ಹೋಗಿಲ್ವಾ ಅಜ್ಜಿ, ಕಣ್ಣು ನೋವು?"

"ಎರಡು ತಿಂಗಳಾಯ್ತು ಕಣವ್ವ. ಡ್ರಾಪ್ಸ್ ಆಕಿದ್ದೇ ಬಂತು. ಒಳಗೆ ಏನೋ ಅರಿದಾಡ್ದಂಗಾಯ್ತದೆ ಅಂದ್ರೆ ಸೊಸೆ ನಗ್ತಾಳೆ."

"ಒಂದು ಫೋಟೋ ತೆಗೀಲಾ? ಹತ್ತಿರದಿಂದ ಕಣ್ಣು ತುಂಬಾ ಚೆನ್ನಾಗಿ ಬರುತ್ತೆ."

ಮೊದಲ ಫೋಟೋದಲ್ಲಿ ಬಿಳಿಗುಡ್ಡೆಯ ಮೇಲೆ ದಾರದ ಎಳೆಯಂಥದ್ದು ಬಾಗಿಕೊಂಡಿತ್ತು. ಲೆನ್ಸಿಗೆ ಏನೋ ಅಂಟಿದೆ ಎಂದುಕೊಂಡು ಅತೀಯಾ ಒರೆಸಿ ಮತ್ತೆ ತೆಗೆದಳು. ಈ ಸಲ ಎಳೆ ನೆಟ್ಟಗಿತ್ತು. ವಿಡಿಯೋ ಹಾಕಿದಳು. ಕೆಂಪು ನರಗಳ ನಡುವೆ, ತೆಳುಪೊರೆಯ ಅಡಿಯಲ್ಲಿ, ಅದು ನಿಧಾನವಾಗಿ ಸುರುಳಿ ಸುತ್ತಿತು.

ಅತೀಯಾ ಥಟ್ಟನೆ ಹಿಂದಕ್ಕೆ ಸರಿದಳು.

"ಏನಾಯ್ತವ್ವ? ಯಾಕಿಂಗೆ ಬೆಳ್ಳಗಾದೆ?"

"ಏನಿಲ್ಲ ಅಜ್ಜಿ. ಈಗಲೇ ಕಣ್ಣಾಸ್ಪತ್ರೆಗೆ ಹೋಗೋಣ, ಏಳಿ."

"ನನ್ನ ಕಣ್ಣು, ನಂಗೇ ತೋರ್ಸಲ್ವಾ? ಕೊಡಿಲ್ಲಿ!"

ಕೃಷ್ಣಮ್ಮ ವಿಡಿಯೋ ನೋಡಿದರು. ಕೂಗಲಿಲ್ಲ. ಕಣ್ಣಿನತ್ತ ಎತ್ತಿದ್ದ ಕೈ ಅರ್ಧಕ್ಕೇ ನಿಂತುಬಿಟ್ಟಿತು. "ಜೀವ ಐತಲ್ಲೇ ಅದಕ್ಕೆ," ಎಂದಷ್ಟೇ ಅಂದರು.

ಮುಜಫ್ಫರ್ ಲಗೇಜ್ ಆಟೋದಲ್ಲೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ಕೌಂಟರಿನಾಕೆ, "ಇವತ್ತು ಟೋಕನ್ ಮುಗೀತು, ಸೋಮವಾರ ಬನ್ನಿ," ಎಂದಳು. ಅತೀಯಾ ವಿಡಿಯೋ ಹಾಕಿ ಫೋನ್ ಮುಂದೆ ಹಿಡಿದಳು. ಆಕೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಡಾಕ್ಟರನ್ನು ಕರೆಯಲು ಓಡಿದಳು.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹುಳುವನ್ನು ಹೊರತೆಗೆದರು. ಗಾಜಿನ ಬಾಟಲಿಯಲ್ಲಿ ಅದು ಬೆರಳಿಗಿಂತ ಉದ್ದವಿತ್ತು, ಇನ್ನೂ ಹೊರಳಾಡುತ್ತಿತ್ತು. "ನಾಯಿಗಳಲ್ಲಿರೋ ಹುಳು. ಸೊಳ್ಳೆ ಕಡಿತದಿಂದ ಅಪರೂಪಕ್ಕೆ ಮನುಷ್ಯರಿಗೂ ಬರುತ್ತೆ," ಎಂದರು ಡಾಕ್ಟರು. "ದೃಷ್ಟಿಗೇನೂ ತೊಂದರೆ ಆಗಿಲ್ಲ. ಯಾವ ಕ್ಯಾಮೆರಾದಲ್ಲಮ್ಮ ವಿಡಿಯೋ ತೆಗೆದಿದ್ದು?"

ಅತೀಯಾ ಹೇರ್‌ಪಿನ್ ತೋರಿಸಿದಳು. ಅವರು ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು.

ಆಮೇಲೆ ಒಂದು ವಾರ ಅತೀಯಾ ಲೆನ್ಸ್ ಮುಟ್ಟಲಿಲ್ಲ. ಕಣ್ಣು ಮುಚ್ಚಿದರೆ ಅದೇ ಸುರುಳಿ. ಎಂಟನೆಯ ದಿನ ಕೃಷ್ಣಮ್ಮನೇ ಬಾಗಿಲಿಗೆ ಬಂದರು.

"ಡಾಕ್ಟ್ರು ಇನ್ನೇನೂ ಇಲ್ಲ ಅಂದ್ರು. ಆದ್ರೂ ನೀನು ನೋಡಿ ಹೇಳೋಗಂಟ ನಂಗೆ ನಿದ್ದೆ ಇಲ್ಲ. ಬಲಗಣ್ಣಿಂದೂ ಒಂದು ಫೋಟೋ ತೆಗಿಯವ್ವ."

ಅತೀಯಾ ಲೆನ್ಸನ್ನು ಮತ್ತೆ ಮೊಬೈಲಿಗೆ ಅಂಟಿಸಿದಳು. ಮೊದಲೆರಡು ಫೋಟೋ ಮಸುಕಾದವು. ಮೂರನೆಯದು ಸ್ಪಷ್ಟವಾಗಿ ಬಂತು. ಇಬ್ಬರೂ ತಲೆಗೆ ತಲೆ ತಾಗಿಸಿ ಮೂಲೆ ಮೂಲೆ ಹುಡುಕಿದರು. ಬರೀ ಕಣ್ಣು, ಮತ್ತೇನೂ ಇರಲಿಲ್ಲ.