ಒಲ್ಲೆ ಅಂದವರು ಯಾರು

ನಾನು ಒಮ್ಮೆ ‘ಒಲ್ಲೆ’ ಎಂದ ರಭಸಕ್ಕೆ ಚರ್ಚಿನ ಗಂಟೆ ತಾನಾಗಿ ಹೊಡೆದುಕೊಂಡಿತು. ಗೋಪುರದ ಪಾರಿವಾಳಗಳು ಹೆದರಿ ಆ ವರ್ಷವಿಡೀ ಮೊಟ್ಟೆ ಇಡಲಿಲ್ಲ. ನಂಬದವರು ಪಾರಿವಾಳಗಳನ್ನೇ ಕೇಳಿಕೊಳ್ಳಲಿ.

ನಮ್ಮದು ಬೇಕರಿ. ಅಣ್ಣ ಹಿಟ್ಟು ನಾದಿದರೆ ಪಕ್ಕದ ಬೀದಿಯ ನೆಲ ನಡುಗುತ್ತಿತ್ತು; ನಾನು ಸೈಕಲ್ಲಿಗೆ ಬ್ರೆಡ್ಡು ಕಟ್ಟಿಕೊಂಡು ಹೊರಟರೆ ಗಾಳಿ ಬದಿಗೆ ಸರಿದು ನಿಲ್ಲುತ್ತಿತ್ತು. ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಭಟ್ಟಿ ಅತ್ತಿಗೆಯ ಕೈಗೆ ಬಂತು. ವರ್ಷ ತುಂಬುವ ಮೊದಲೇ ಅಮ್ಮ ತೀರ್ಪು ಕೊಟ್ಟಳು.

“ನೀನು ಅವಳನ್ನ ಕಟ್ಕೋ. ಇಲ್ಲಾಂದ್ರೆ ನಾಳೆ ಯಾವನೋ ಬಂದು ಕರ್ಕೊಂಡು ಹೋಗ್ತಾನೆ. ಭಟ್ಟಿ ಆರುತ್ತೆ.”

“ಅತ್ತಿಗೆ ಒಲ್ಲೆ ಅಂದ್ರೆ?”

“ಅವಳ ಟ್ರಂಕು ಬೀದಿಗೆ.”

ಅತ್ತಿಗೆಗೆ ತವರೆಂಬುದು ಉಳಿದಿರಲಿಲ್ಲ. ಬೀದಿ ಅಂದರೆ ಬೀದಿಯೇ. ಅವಳು ತಲೆಯೆತ್ತದೆ ನಾದುತ್ತಲೇ ಇದ್ದಳು. ಆ ದಿನದ ಬನ್ನುಗಳಿಂದ ಒಂದು ಕೋಟೆ ಕಟ್ಟಬಹುದಿತ್ತು.

“ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯನ್ನ ಮದುವೆ ಆಗೋಕೆ ಚರ್ಚಿನ ಅಡ್ಡಿ ಇಲ್ಲ,” ಎಂದರು ಫಾದರ್, ಅಮ್ಮ ನಮ್ಮಿಬ್ಬರನ್ನೂ ಚರ್ಚಿಗೆ ಕರೆದೊಯ್ದಾಗ. “ಬಲವಂತಕ್ಕೆ ಮಾತ್ರ ಅಡ್ಡಿ ಇದೆ.”

ಅದಕ್ಕೇ ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕೋಣೆಯೊಳಗೆ ಕರೆದರು. ಶುಭಸಂದೇಶದ ಪುಸ್ತಕದ ಮೇಲೆ ಕೈಯಿಟ್ಟು ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು: ಸ್ವಂತ ಮನಸ್ಸಿನಿಂದ ಬಂದಿದ್ದೀಯಾ? ಒಬ್ಬರು ಇಲ್ಲವೆಂದರೂ ಮದುವೆಯಿಲ್ಲ. ಯಾರೆಂದು ಫಾದರ್ ಬಾಯಿಬಿಡುವುದೂ ಇಲ್ಲ.

ಮೊದಲು ನಾನು ಹೋಗಿ ಬಂದೆ. ಆಮೇಲೆ ಅತ್ತಿಗೆ ಹೋದಳು, ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಅಮ್ಮನ ಕೈಯಲ್ಲಿ ಜಪಮಾಲೆಯಿತ್ತು, ಮಣಿ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ.

ಬಾಗಿಲು ತೆರೆಯಿತು. “ಈ ಮದುವೆ ನಡೆಯಲ್ಲಮ್ಮಾ,” ಎಂದರು ಫಾದರ್.

“ಒಲ್ಲೆ ಅಂದವರು ಯಾರು?”

“ಅದು ನನ್ನ ಹತ್ರಾನೇ ಇರುತ್ತೆ.”

ಅಮ್ಮ ನಿಧಾನವಾಗಿ ಅತ್ತಿಗೆಯ ಕಡೆ ತಿರುಗಿದಳು. ಆ ನೋಟದಲ್ಲಿ ಟ್ರಂಕು ಆಗಲೇ ಹೊಸಿಲು ದಾಟಿತ್ತು. ನಾನು ಎದ್ದು ನಿಂತೆ.

“ನಾನೇ ಅಂದಿದ್ದು. ಒಲ್ಲೆ ಅಂದ ಸದ್ದಿಗೆ ಫಾದರ್ ಕುರ್ಚಿಯಿಂದ ಬೀಳೋದೊಂದೇ ಬಾಕಿ. ಗಂಟೆ ಹೊಡ್ಕೊಂಡಿದ್ದು ಕೇಳ್ಸಿಲ್ವಾ?”

“ನೀನಾ?” ಎಂದಳು ಅಮ್ಮ. “ನಾಯಿಗೆ ಹಚಾ ಅನ್ನೋಕೂ ನನ್ನ ಮುಖ ನೋಡೋನು.”

“ಬಿಡು ಮರಿ,” ಎಂದಳು ಅತ್ತಿಗೆ. “ಅಂದಿದ್ದು ನಾನೇ, ಅತ್ತೆ. ನಾನು ಬಂದಾಗ ಇವನಿಗೆ ಹಾಲುಹಲ್ಲು ಬೀಳ್ತಾ ಇತ್ತು. ಮೂಗು ಒರೆಸಿ ಬೆಳೆಸಿದೋನನ್ನ ಗಂಡ ಅನ್ನೋಕೆ ನನ್ನಿಂದ ಆಗಲ್ಲ.”

“ಹಾಗಾದ್ರೆ ಹೊರಡು.”

“ಮದುವೆ ಒಲ್ಲೆ ಅಂದೆ. ನಿಮ್ಮನ್ನ ಒಲ್ಲೆ ಅಂದ್ನಾ?”

ಫಾದರ್ ತಗ್ಗಿದ ದನಿಯಲ್ಲಿ ಹೇಳಿದರು: “ನೀವೂ ಗಂಡನ್ನ ಕಳ್ಕೊಂಡವರೇ ಅಮ್ಮಾ. ಇಷ್ಟು ದಿನ ಭಟ್ಟಿ ಮುಂದೆ ಬೆಂದು ನಿಮಗೆ ಊಟ ಹಾಕಿದೋಳು ಏನಾದ್ರೂ ಷರತ್ತು ಹಾಕಿದ್ಲಾ? ವಿಧವೆಯನ್ನ ನೋಡ್ಕೊಳ್ಳೋದು ದೇವರು ಹೇಳಿದ ಕೆಲಸ. ಅದಕ್ಕೆ ಮದುವೆಯ ಬಾಡಿಗೆ ಕೇಳಬಾರದು.”

ಅಮ್ಮ ಜಪಮಾಲೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಸಂಜೆಯ ಹಿಟ್ಟು ಕಲಸಿಲ್ಲ ಇನ್ನೂ,” ಎಂದಳು ಅತ್ತಿಗೆಗೆ. “ನಡಿ. ಕೈ ಕೊಡು, ಮೆಟ್ಟಿಲು ಇಳೀಬೇಕು.”

ಎರಡು ಮೆಟ್ಟಿಲು ಇಳಿದ ಅಮ್ಮ ನನ್ನ ಕಡೆ ತಿರುಗಿ ನಿಂತಳು.

“ಅದಿರ್ಲಿ. ನೀನು ಒಳಗೆ ಏನಂದೆ?”

ಫಾದರ್ ಸೂರು ನೋಡತೊಡಗಿದರು. ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು.

“ಸಂತೋಷವಾಗಿ ಒಪ್ಪಿದೀನಿ ಅಂದೆ.”

“ಪುಸ್ತಕದ ಮೇಲೆ ಕೈ ಇಟ್ಟು?”

“ಇಟ್ಟು. ನಿನ್ನ ಭಯಕ್ಕೆ ಅಮ್ಮಾ.”

ಗಂಟೆ ಹೊಡೆಯಲಿಲ್ಲ. ಪಾರಿವಾಳಗಳು ಗೂಡು ಬಿಟ್ಟು ಕದಲಲಿಲ್ಲ. ಆ ದಿನ ಆ ಕೋಣೆಯಲ್ಲಿ ‘ಒಲ್ಲೆ’ ಎಂದದ್ದು ಒಂದೇ ಬಾಯಿ, ಅದು ನನ್ನದಲ್ಲ.